ನೆಗಡಿ ಮುಚ್ಚಿಡಬೇಡಿ: ಮಗುವಿನ ಆಪರೇಷನ್‌ಗೆ ಮೊದಲು ಆಡಬೇಕಾದ ಮಾತು

(ಕೋಲಾರದಲ್ಲಿ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಚಿಕ್ಕ ಮಕ್ಕಳ ತಂದೆ ತಾಯಂದಿರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾಳೆ ಬೆಳಗ್ಗೆ ಮಗುವಿಗೆ ಆಪರೇಷನ್ ಅಂತ ಇಟ್ಟುಕೊಳ್ಳಿ. ಇವತ್ತು ಸಂಜೆ ಮೂಗು ಸೋರಲು ಶುರುವಾಗಿದೆ. ಅಪ್ಪ ಫ್ಯಾಕ್ಟರಿಗೆ ರಜೆ ಹಾಕಿ ಆಗಿದೆ. ಹಸು ಕರೆದು ಡೇರಿಗೆ ಹಾಲು ಹಾಕಲು ಪಕ್ಕದ ಮನೆಯವರಿಗೆ ಹೇಳಿ ಆಗಿದೆ. ಅಜ್ಜಿ ಊರಿಂದ ಬಂದು ಕೂತಿದ್ದಾರೆ. ಈಗ ನೀವು ಡಾಕ್ಟರಿಗೆ ನೆಗಡಿ ವಿಷಯ ಹೇಳುತ್ತೀರಾ? ಇಲ್ಲ, ಒಂದು ಚಮಚ ಸಿರಪ್ ಕುಡಿಸಿ, ಮೂಗು ಒರೆಸಿ, ಸುಮ್ನೆ ಕರೆದುಕೊಂಡು ಹೋಗುತ್ತೀರಾ?

ಯಾರೂ ಕೈ ಎತ್ತಬೇಕಾಗಿಲ್ಲ. ಬಹಳ ಮನೆಗಳಲ್ಲಿ ಎರಡನೆಯದೇ ನಡೆಯುತ್ತದೆ. ನಮ್ಮ ಮನೆಯಲ್ಲೂ ಆ ಮಾತು ಬಂದಿತ್ತು. ನಾನು ಇವತ್ತು ಹೇಳಲು ಬಂದಿರುವುದು ಮುಖ್ಯವಾಗಿ ಇಷ್ಟೇ: ಮಗುವಿನ ಬಗ್ಗೆ ನಿಮಗೆ ಗೊತ್ತಿರುವುದನ್ನೆಲ್ಲ ಆಪರೇಷನ್‌ಗೆ ಮೊದಲು ಹೇಳಿ. ಗೊತ್ತಿಲ್ಲದ್ದನ್ನು ಕೇಳಿ. ಅದರಿಂದ ಆಪರೇಷನ್ ಮುಂದಕ್ಕೆ ಹೋದರೂ ಹೋಗಲಿ.

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಮಗನಿಗೆ ಮೂರು ವರ್ಷವಿದ್ದಾಗ ಹರ್ನಿಯಾ ಆಪರೇಷನ್ ಆಯಿತು. ಆಮೇಲೆ ಊರಿನ ಬೇರೆ ಮಕ್ಕಳ ಜೊತೆಗೂ ಆಸ್ಪತ್ರೆಗೆ ಹೋಗಿ ಬಂದಿದ್ದೇನೆ. ಆಪರೇಷನ್‌ಗೆ ಮಂಪರು, ಅಂದರೆ ಅರಿವಳಿಕೆ (ಅನಸ್ತೇಶಿಯಾ) ಕೊಡುವ ಡಾಕ್ಟರುಗಳ ಹತ್ತಿರ ಕೂತು ಕೇಳಿ ಕೇಳಿ ತಿಳಿದುಕೊಂಡಿದ್ದೇನೆ. ಅದನ್ನು ನಿಮ್ಮ ಹತ್ತಿರ ಹೇಳದೆ ಇಟ್ಟುಕೊಳ್ಳಲು ಮನಸ್ಸು ಬರುವುದಿಲ್ಲ.

ಮೊದಲು ಹರ್ನಿಯಾ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಗಂಡು ಮಗು ಹೊಟ್ಟೆಯಲ್ಲಿರುವಾಗ ಬೀಜಗಳು ಮೇಲಿನಿಂದ ಕೆಳಗೆ ಇಳಿಯುತ್ತವೆ. ಇಳಿದ ದಾರಿ ಆಮೇಲೆ ಮುಚ್ಚಿಕೊಳ್ಳಬೇಕು. ಕೆಲವು ಮಕ್ಕಳಲ್ಲಿ ಮುಚ್ಚುವುದಿಲ್ಲ. ಮಗು ಅತ್ತಾಗ, ಮುಕ್ಕಿದಾಗ ಕರುಳು ಆ ದಾರಿಯಲ್ಲಿ ಇಳಿದು ತೊಡೆಸಂದಿನಲ್ಲಿ ಉಬ್ಬು ಕಾಣುತ್ತದೆ. ಮಲಗಿಸಿದರೆ ಒಳಗೆ ಹೋಗುತ್ತದೆ. ಹೆಣ್ಣು ಮಕ್ಕಳಲ್ಲೂ ಆಗುತ್ತದೆ, ಆದರೆ ಕಮ್ಮಿ. ಇದು ತಾನಾಗಿ ವಾಸಿಯಾಗುವುದಿಲ್ಲ. ಇಳಿದ ಕರುಳು ಯಾವಾಗಲಾದರೂ ಸಿಕ್ಕಿಹಾಕಿಕೊಳ್ಳಬಹುದು. ಆಗ ಉಬ್ಬು ಗಟ್ಟಿಯಾಗುತ್ತದೆ, ಮಗು ಒಂದೇ ಸಮನೆ ಅಳುತ್ತದೆ, ವಾಂತಿ ಮಾಡುತ್ತದೆ. ಅದು ರಾತ್ರೋರಾತ್ರಿ 108ಕ್ಕೆ ಫೋನ್ ಮಾಡಬೇಕಾದ ವಿಷಯ. ಒಂದು ವರ್ಷದೊಳಗಿನ ಮಕ್ಕಳಲ್ಲಿ ಈ ಅಪಾಯ ಜಾಸ್ತಿ.

ಆದರೆ ಹೊಕ್ಕುಳು ಉಬ್ಬುವುದು ಬೇರೆ. ಅದು ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನೇ ಮುಚ್ಚಿಕೊಳ್ಳುತ್ತದೆ. ಬೀಜದ ಚೀಲದಲ್ಲಿ ನೀರು ತುಂಬುವುದು ಕೂಡ ಬಹಳ ಸಲ ಒಂದೆರಡು ವರ್ಷದೊಳಗೆ ಕಮ್ಮಿಯಾಗುತ್ತದೆ. ಇನ್ನು ಬೀಜ ಕೆಳಗೆ ಇಳಿಯದೇ ಇರುವುದಕ್ಕೆ ಆರು ತಿಂಗಳವರೆಗೆ ಕಾಯುತ್ತಾರೆ, ಆಮೇಲೆ ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು ಅನ್ನುತ್ತಾರೆ. ನಮ್ಮ ಕಡೆ "ದೊಡ್ಡವನಾದ್ಮೇಲೆ ನೋಡೋಣ ಬಿಡಿ" ಅಂತ ಬಿಟ್ಟು ಹತ್ತು ವರ್ಷಕ್ಕೆ ಕರೆದುಕೊಂಡು ಬರುವವರಿದ್ದಾರೆ. ಸೀಳುತುಟಿಗೆ ಮೂರರಿಂದ ಆರು ತಿಂಗಳಿನ ವಯಸ್ಸು. ಅಂದರೆ ಒಂದಕ್ಕೆ ಕಾಯುವುದೇ ಮದ್ದು, ಇನ್ನೊಂದಕ್ಕೆ ಕಾಯುವುದೇ ಕೇಡು. ಅದಕ್ಕೇ ಡಾಕ್ಟರ್ ಆಪರೇಷನ್ ಅಂದ ಕೂಡಲೇ ಕೇಳಬೇಕಾದ ಮೊದಲ ಮಾತು: "ಈಗಲೇ ಮಾಡಬೇಕಾ ಸಾರ್? ಕಾದರೆ ಏನಾಗುತ್ತೆ?" ಇದಕ್ಕೆ ಸಿಗುವ ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ. ತುರ್ತು ಅಂದರೆ ಹೊರಡಿ. ಸಮಯ ಇದೆ ಅಂದರೆ ತಯಾರಿ ಮಾಡಿಕೊಳ್ಳಿ.

ನನ್ನ ಮಗನನ್ನು ತೋರಿಸಲು ಹೋದ ದಿನ ಅವನು ಅಳಲೇ ಇಲ್ಲ. ಉಬ್ಬು ಕಾಣಲೇ ಇಲ್ಲ. ನಾನು ಮನೆಯಲ್ಲಿ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದೆ. ಅದನ್ನು ನೋಡಿ ಸರ್ಜನ್ ಒಂದೇ ನಿಮಿಷದಲ್ಲಿ ಹೇಳಿದರು. ಟಾನ್ಸಿಲ್ ತೊಂದರೆ ಇರುವ ಮಕ್ಕಳ ತಾಯಂದಿರಿಗೆ ನಾನು ಇದನ್ನೇ ಹೇಳುತ್ತೇನೆ. ಮಗು ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾ, ನಡುವೆ ಉಸಿರು ನಿಲ್ಲಿಸಿ ಮತ್ತೆ ಜೋರಾಗಿ ಎಳೆದುಕೊಳ್ಳುತ್ತದಲ್ಲ, ಅದನ್ನು ವಿಡಿಯೊ ಮಾಡಿ. ಹಗಲು ಹನ್ನೊಂದು ಗಂಟೆಗೆ ಓಪಿಡಿಯಲ್ಲಿ ಕೂತ ಡಾಕ್ಟರಿಗೆ ರಾತ್ರಿ ಎರಡು ಗಂಟೆಯ ಉಸಿರು ಹೇಗೆ ಗೊತ್ತಾಗಬೇಕು ಹೇಳಿ? ಅದು ಗೊತ್ತಿರುವುದು ಪಕ್ಕದಲ್ಲಿ ಮಲಗಿದವರಿಗೆ ಮಾತ್ರ. ರಾತ್ರಿ ಉಸಿರು ಕಟ್ಟುವ ಮಗುವಿಗೆ ಆಪರೇಷನ್ ಆದ ಮೇಲೂ ಉಸಿರಿನ ಮೇಲೆ ಜಾಸ್ತಿ ನಿಗಾ ಬೇಕು. ಆ ವಿಡಿಯೊ ನೋಡಿದ ಡಾಕ್ಟರ್ ಆ ರಾತ್ರಿಗೆ ಬೇರೆ ಏರ್ಪಾಡು ಮಾಡುತ್ತಾರೆ.

ಈಗ ನೆಗಡಿಗೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ನೆಗಡಿ ಕೆಮ್ಮು ಬಂದಾಗ ಗಂಟಲು, ಶ್ವಾಸನಾಳದ ಒಳಪದರ ಕೆರಳಿರುತ್ತದೆ. ಮೂಗು ಸೋರುವುದು ನಿಂತ ಮೇಲೂ ಎರಡು ವಾರ, ಕೆಲವು ಸಲ ನಾಲ್ಕು ವಾರ ಆ ಕೆರಳುವಿಕೆ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಮಂಪರು ಕೊಟ್ಟು ಉಸಿರಿಗೆ ಕೊಳವೆ ಇಟ್ಟರೆ ಗಂಟಲಿನ ಧ್ವನಿತಂತುಗಳು ಗಪ್ಪಂತ ಮುಚ್ಚಿಕೊಳ್ಳಬಹುದು. ಗಾಳಿ ಒಳಗೆ ಹೋಗುವುದಿಲ್ಲ. ದೊಡ್ಡವರಾದರೆ ಸ್ವಲ್ಪ ಹೊತ್ತು ತಡೆಯುತ್ತಾರೆ. ಚಿಕ್ಕ ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಆಮ್ಲಜನಕ ಬಳಸುತ್ತದೆ, ಶ್ವಾಸನಾಳವೂ ಸಣ್ಣದು. ಹಾಗಾಗಿ ಆಮ್ಲಜನಕ ಬಹಳ ಬೇಗ ಇಳಿಯುತ್ತದೆ. ಮಂಪರು ಕೊಡುವ ಡಾಕ್ಟರುಗಳು ಇದನ್ನು ನಿಭಾಯಿಸುವುದನ್ನು ಕಲಿತಿರುತ್ತಾರೆ, ನಿಜ. ಆದರೆ ಇಂಥದ್ದು ಬರಬಹುದು ಅಂತ ಗೊತ್ತಿದ್ದು ತಯಾರಾಗಿ ನಿಲ್ಲುವುದು ಬೇರೆ. ಏನೂ ಗೊತ್ತಿಲ್ಲದೆ ಎದುರಾಗುವುದು ಬೇರೆ.

ಮೂಗು ಸೋರಿದ ಪ್ರತಿ ಸಲವೂ ಆಪರೇಷನ್ ನಿಲ್ಲಿಸುವುದಿಲ್ಲ. ತೆಳ್ಳಗೆ ನೀರಿನಂತೆ ಸೋರುತ್ತಿದ್ದು, ಜ್ವರ ಇಲ್ಲದೆ, ಮಗು ಆಡಿಕೊಂಡು ಉಂಡುಕೊಂಡು ಇದ್ದರೆ ಮುಂದುವರಿಯುವುದೂ ಉಂಟು. ಜ್ವರ ಇದ್ದರೆ, ಸಿಂಬಳ ಹಳದಿ ಹಸಿರಾಗಿದ್ದರೆ, ಕಫದ ಕೆಮ್ಮಿದ್ದರೆ, ಎದೆಯಲ್ಲಿ ಗೊರಗೊರ ಇದ್ದರೆ ಸಾಮಾನ್ಯವಾಗಿ ಮುಂದೂಡುತ್ತಾರೆ. ಆ ತೀರ್ಮಾನ ಅವರದು. ಅದಕ್ಕೆ ಬೇಕಾದ ಸುದ್ದಿ ಮಾತ್ರ ನಮ್ಮ ಹತ್ತಿರ ಇರುತ್ತದೆ. ಸಿರಪ್ ಕುಡಿಸಿ ಅದನ್ನು ಮರೆಮಾಡಿದರೆ ನಾವು ಡಾಕ್ಟರ ಕಣ್ಣಿಗೆ ಬಟ್ಟೆ ಕಟ್ಟಿ ಮಗುವನ್ನು ಅವರ ಕೈಗೆ ಕೊಟ್ಟ ಹಾಗೆ. ಕರುಳು ಸಿಕ್ಕಿಹಾಕಿಕೊಂಡು ತುರ್ತಾಗಿ ಮಾಡಲೇಬೇಕಾದಾಗಲೂ ನೆಗಡಿ ವಿಷಯ ಹೇಳಿ. ಆಪರೇಷನ್ ನಿಲ್ಲುವುದಿಲ್ಲ. ಅವರು ಯಾವ ಔಷಧ ಕೈಗೆ ಹತ್ತಿರ ಇಟ್ಟುಕೊಳ್ಳಬೇಕು ಅನ್ನುವುದು ಬದಲಾಗುತ್ತದೆ.

ನನ್ನ ಮಗನದು ಬರೀ ನೆಗಡಿ ಆಗಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ, ಮಾವಿನ ಹೂವಿನ ಕಾಲದಲ್ಲಿ ಅವನಿಗೆ ಎದೆ ಕಟ್ಟುತ್ತಿತ್ತು. ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟಾಗ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕ್ಲಿನಿಕ್ಕಿನಲ್ಲಿ ನೆಬ್ಯುಲೈಜರ್ ಹಾಕಿಸಿದ್ದೂ ಇತ್ತು. ಅಡ್ಮಿಟ್ ಮಾಡುವಾಗ ಫಾರಂನಲ್ಲಿ "ಬೇರೆ ಕಾಯಿಲೆ" ಅನ್ನುವ ಕಡೆ "ಇಲ್ಲ" ಅಂತ ಬರೆದುಕೊಂಡಿದ್ದರು. ಯಾರೂ ನಮ್ಮನ್ನು ಕೇಳಿರಲಿಲ್ಲ. ಮಂಪರು ಕೊಡುವ ಡಾಕ್ಟರ್ ನೋಡಲು ಬಂದಾಗ ನಾನೇ ಹೇಳಿದೆ: ಎದೆ ಕಟ್ಟುತ್ತೆ, ಹೋದ ವಾರವೂ ಕೆಮ್ಮಿತ್ತು, ನೆಬ್ಯುಲೈಜರ್ ಹಾಕಿದ ಚೀಟಿ ಇಲ್ಲಿದೆ. ಅವರು ಸ್ಟೆತಸ್ಕೋಪ್ ಇಟ್ಟು ಬೆನ್ನಿನ ಕಡೆ ಬಹಳ ಹೊತ್ತು ಕೇಳಿದರು. ಆಮೇಲೆ, "ಇವತ್ತು ಬೇಡಮ್ಮ. ಔಷಧಿ ಬರೆದುಕೊಡ್ತೀನಿ, ಎದೆ ತಿಳಿಯಾಗಲಿ" ಅಂದರು.

ಮನೆಯಲ್ಲಿ ಬೇಸರ ಆಯಿತು. "ಅದನ್ನ ಯಾಕಮ್ಮ ಹೇಳೋಕೆ ಹೋದೆ? ಸುಮ್ನಿದ್ದಿದ್ರೆ ಇವತ್ತೇ ಮುಗಿದು ಹೋಗ್ತಿತ್ತು" ಅಂದರು ನಮ್ಮ ಅತ್ತೆ. ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಮೊಮ್ಮಗನನ್ನು ಒಳಗೆ ಕಳಿಸುವ ಭಯವನ್ನು ಇನ್ನೊಂದು ಸಲ ಅನುಭವಿಸಬೇಕಲ್ಲ ಅನ್ನುವ ಸಂಕಟ ಅದು. "ಅತ್ತೆ, ಅವನು ಒಳಗೆ ಹೋದ ಮೇಲೆ ನಾವು ಹೇಳೋಕಾಗಲ್ಲ, ಅವನೂ ಹೇಳಲ್ಲ" ಅಂದೆ. ಕೆಲವು ವಾರ ಉಸಿರಿನಲ್ಲಿ ಔಷಧಿ ಎಳೆಸಿ ಮತ್ತೆ ಕರೆದುಕೊಂಡು ಹೋದೆವು. ಅದೇ ಡಾಕ್ಟರ್ ಅದೇ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ತಲೆಯಾಡಿಸಿದರು. ಆಪರೇಷನ್ ಆಯಿತು, ಸಂಜೆಗೆ ಎದ್ದು ನೀರು ಕೇಳಿದ.

ಮುಂದೂಡಿದರೆ ಬಡವರಿಗೆ ಎಷ್ಟು ನಷ್ಟ ಅಂತ ನನಗೆ ಗೊತ್ತು. ಟೊಮೆಟೊ ಕೀಳುವ ದಿನ ಬಿಟ್ಟು, ಮುಳಬಾಗಿಲಿನಿಂದ ಮೊದಲ ಬಸ್ಸು ಹಿಡಿದು ಬಂದವರಿಗೆ "ಇವತ್ತು ಆಗಲ್ಲ, ಹೋಗಿ" ಅಂದರೆ ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೆ ನನ್ನದೊಂದು ಬೇಡಿಕೆ ಆಸ್ಪತ್ರೆಗಳಿಗೂ ಇದೆ. ಎರಡು ದಿನ ಮೊದಲು ಮನೆಗೆ ಒಂದು ಫೋನ್ ಮಾಡಿ. ಮಗುವಿಗೆ ಜ್ವರ ಕೆಮ್ಮು ಇದೆಯಾ ಅಂತ ಕೇಳಿ. ಒಂದು ಫೋನ್ ಕಾಲಿನಲ್ಲಿ ಒಂದು ಸಂಸಾರದ ಎರಡು ದಿನದ ಕೂಲಿ ಉಳಿಯುತ್ತದೆ. ಅವರು ಮಾಡದಿದ್ದರೆ ನೀವೇ ಮಾಡಿ. ಅಡ್ಮಿಷನ್ ದಿನಾಂಕ ಕೊಡುವಾಗಲೇ ವಾರ್ಡಿನ ನಂಬರ್ ಬರೆಸಿಕೊಂಡು ಬನ್ನಿ. ಹಾಗೇ, ಮನೆಯಲ್ಲಿ ಬೀಡಿ ಸಿಗರೇಟ್ ಸೇದುವವರಿದ್ದರೆ ಆ ಹೊಗೆ ಕುಡಿಯುವ ಮಕ್ಕಳಿಗೆ ಮಂಪರಿನ ಹೊತ್ತಿನಲ್ಲಿ ಉಸಿರಿನ ತೊಂದರೆ ಜಾಸ್ತಿ. ಅಪ್ಪಂದಿರು ಇಲ್ಲಿ ಇದ್ದೀರಿ, ಕೇಳಿಸಿಕೊಳ್ಳಿ.

ಮನೆತನದ ವಿಷಯ. "ಸಂಬಂಧದಲ್ಲಿ ಮದುವೆನಾ?" ಅಂತ ಡಾಕ್ಟರ್ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಸೋದರಮಾವ, ಅತ್ತೆ ಮಗ ಅಂತ ಮದುವೆಯಾಗುವುದು ನಮ್ಮ ಕಡೆ ಮಾಮೂಲು. ಅವರು ತಪ್ಪು ಹುಡುಕಲು ಕೇಳುವುದಲ್ಲ. ಕೆಲವು ಕಾಯಿಲೆಗಳು ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತವೆ, ಅದಕ್ಕೆ ಕೇಳುತ್ತಾರೆ. ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಚಿಕ್ಕಂದಿನಲ್ಲಿ ಹಲ್ಲು ಬಿದ್ದಾಗ ರಕ್ತ ನಿಲ್ಲುತ್ತಿರಲಿಲ್ಲವಾ? ಕಾಲಿನ ಶಕ್ತಿ ಹೋಗಿ ನಡೆಯುವುದು ನಿಂತಿತ್ತಾ? ಈ ಎರಡೂ ತಾಯಿಯ ಕಡೆಯಿಂದ ಗಂಡು ಮಗುವಿಗೆ ಬರಬಹುದಾದ ಕಾಯಿಲೆಗಳ ಗುರುತು. ಹಾಗಾಗಿ ಆಸ್ಪತ್ರೆಗೆ ಹೋಗುವ ಮೊದಲು ತವರಿಗೆ ಒಂದು ಫೋನ್ ಮಾಡಿ ಅಮ್ಮನನ್ನು ಕೇಳಿ.

ಇನ್ನೊಂದಿದೆ. ಮಂಪರಿನ ಜೊತೆ ಸ್ನಾಯು ಸಡಿಲ ಮಾಡಲು ಸ್ಕೋಲಿನ್ ಅನ್ನುವ ಔಷಧ ಕೊಡುವುದುಂಟು. ಕೆಲವೇ ನಿಮಿಷದಲ್ಲಿ ಅದರ ಪರಿಣಾಮ ಇಳಿದು ಹೋಗುತ್ತದೆ. ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ಒಡೆದು ಹಾಕುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಕಮ್ಮಿ. ಅಂಥವರಿಗೆ ಗಂಟೆಗಟ್ಟಲೆ ಉಸಿರಿನ ಸ್ನಾಯು ಕೆಲಸ ಮಾಡುವುದಿಲ್ಲ, ಅಷ್ಟು ಹೊತ್ತು ವೆಂಟಿಲೇಟರ್ ಬೇಕಾಗುತ್ತದೆ. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಅಂತ ಜೀನ್ ಅಧ್ಯಯನಗಳಲ್ಲಿ ಗೊತ್ತಾಗಿದೆ. ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಪೇಟೆಗಳಲ್ಲಿ ಆ ಸಮುದಾಯದವರು ಎಷ್ಟು ಜನ ಇದ್ದೀರಿ! ಹೆದರಬೇಕಾಗಿಲ್ಲ. ಬೇರೆ ಔಷಧಗಳಿವೆ. ಹೇಳಿದರೆ ಸಾಕು. ಯಾವ ಜಾತಿಯವರೇ ಆಗಲಿ, ಮನೆಯಲ್ಲಿ ಯಾರಾದರೂ ಆಪರೇಷನ್ ಆದ ಮೇಲೆ "ಎಚ್ಚರ ಆಗೋಕೆ ಬಹಳ ಹೊತ್ತು ಹಿಡೀತು, ಮೆಷಿನ್ ಹಾಕಿದ್ರು" ಅಂತ ಕೇಳಿದ್ದರೆ ಅದನ್ನು ಹೇಳಲೇಬೇಕು.

ನಾಟಿ ಔಷಧಿ ಕೊಡುತ್ತಿದ್ದರೆ ಅದನ್ನೂ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಅಲ್ಲಾಡುವ ಹಲ್ಲಿದ್ದರೆ ತೋರಿಸಿ, ಕೊಳವೆ ಇಡುವಾಗ ಅದು ಬಿದ್ದು ಶ್ವಾಸನಾಳಕ್ಕೆ ಹೋಗಬಾರದು. ಬೆಳ್ಳಿ ಉಡುದಾರ, ಕಾಲ್ಗೆಜ್ಜೆ, ತಾಯತ ಮನೆಯಲ್ಲೇ ತೆಗೆದಿಡಿ. ಆಪರೇಷನ್‌ನಲ್ಲಿ ರಕ್ತ ನಿಲ್ಲಿಸಲು ಕರೆಂಟಿನ ಉಪಕರಣ ಬಳಸುತ್ತಾರೆ, ಲೋಹ ಮೈಮೇಲೆ ಇದ್ದರೆ ಚರ್ಮ ಸುಡುವ ಅಪಾಯ ಇದೆ. ಉಗುರಿನ ಬಣ್ಣವನ್ನೂ ತೆಗೆಯಿರಿ. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕ ನೋಡುತ್ತಾರಲ್ಲ, ಬಣ್ಣ ಅದಕ್ಕೆ ಅಡ್ಡ ಬರುತ್ತದೆ.

ಈಗ ತೂಕ. ಅಂಗನವಾಡಿ ಅಕ್ಕಂದಿರೇ, ಇದು ನಿಮ್ಮ ಕೈಯಲ್ಲಿರುವ ವಿಷಯ. ಮಕ್ಕಳ ಔಷಧಿಯೆಲ್ಲ ತೂಕದ ಲೆಕ್ಕದಲ್ಲೇ ನಡೆಯುತ್ತದೆ. ಮಂಪರು, ನೋವಿನ ಔಷಧಿ, ಗ್ಲೂಕೋಸ್, ಎಲ್ಲವೂ. ಮೂರು ತಿಂಗಳ ಹಿಂದಿನ ತೂಕ ಬರೆದಿದ್ದರೆ, ಸ್ವೆಟರ್ ಶೂ ಸಮೇತ ತೂಗಿದ್ದರೆ ಲೆಕ್ಕ ತಪ್ಪುತ್ತದೆ. ತಾಯಿ ಮಗುವಿನ ಆರೋಗ್ಯದ ವಿವರ ಬರೆಯುವ ತಾಯಿ ಕಾರ್ಡಿನಲ್ಲಿ ಈ ತಿಂಗಳ ತೂಕ ಇರಲಿ. ಆಸ್ಪತ್ರೆಯಲ್ಲಿ ಮತ್ತೆ ತೂಗಿ ಅಂತ ಕೇಳಿ. ತೂಗಿದ ಅಂಕಿಯನ್ನು ನೀವೂ ಬರೆದಿಟ್ಟುಕೊಳ್ಳಿ.

ಒಂದು ಲೆಕ್ಕ ಹೇಳುತ್ತೇನೆ. ಜ್ವರ, ನೋವಿಗೆ ಕೊಡುವ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಒಂದು ಕೆಜಿಗೆ 15 ಮಿಲಿಗ್ರಾಂ ಲೆಕ್ಕ. 12 ಕೆಜಿ ಮಗುವಿಗೆ 180 ಮಿಲಿಗ್ರಾಂ. ಸಿರಪ್ ಬಾಟಲಿಯಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇದ್ದರೆ 7.5 ಎಂಎಲ್ ಕೊಡಬೇಕು. ಅದೇ ಸಿರಪ್ 5 ಎಂಎಲ್‌ಗೆ 250 ಮಿಲಿಗ್ರಾಂ ಇರುವುದೂ ಬರುತ್ತದೆ. ಅದರಲ್ಲಿ 3.6 ಎಂಎಲ್ ಸಾಕು. ಇನ್ನು ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ. "ಒಂದು ಮುಚ್ಚಳ ಕೊಡಿ" ಅನ್ನುವ ಮಾತಿಗೆ ಅರ್ಥವೇ ಇಲ್ಲ ಅಂತ ಈಗ ಗೊತ್ತಾಯಿತಲ್ವಾ? ಡಿಸ್ಚಾರ್ಜ್ ಆಗುವಾಗ ಯಾವ ಬಾಟಲಿ, ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ ಅಂತ ಕೇಳಿ ಬರೆಸಿಕೊಳ್ಳಿ. ಅಂಗಡಿಯಲ್ಲಿ ಬೇರೆ ಬಾಟಲಿ ಕೊಟ್ಟರೆ ಹಿಂದೆ ಬಂದು ತೋರಿಸಿ.

ರಕ್ತದ ವಿಷಯವೂ ತೂಕಕ್ಕೆ ಸೇರಿದ್ದೇ. 12 ಕೆಜಿ ಮಗುವಿನ ಮೈಯಲ್ಲಿ ಒಟ್ಟು ರಕ್ತ ಒಂದು ಲೀಟರಿಗಿಂತ ಕಮ್ಮಿ. ನಮಗೆ ಲೆಕ್ಕಕ್ಕಿಲ್ಲದಷ್ಟು ರಕ್ತ ಹೋದರೂ ಮಗುವಿಗೆ ಅದು ಜಾಸ್ತಿ. ಸೀಳುತುಟಿ ಆಪರೇಷನ್‌ಗೆ ಡಾಕ್ಟರುಗಳಲ್ಲಿ ಹಳೆಯದೊಂದು ಹತ್ತರ ಲೆಕ್ಕವಿದೆ: ಮಗುವಿಗೆ 10 ವಾರ ತುಂಬಿರಬೇಕು, ತೂಕ 10 ಪೌಂಡ್, ಅಂದರೆ ನಾಲ್ಕೂವರೆ ಕೆಜಿ ಆಗಿರಬೇಕು, ಹಿಮೋಗ್ಲೋಬಿನ್ 10 ಇರಬೇಕು. ದಿನಾಂಕ ದೂರ ಇದೆ ಅಂದರೆ ಇವತ್ತೇ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಕೇಳಿ. ಕಮ್ಮಿ ಇದ್ದರೆ ಕಬ್ಬಿಣಾಂಶದ ಸಿರಪ್‌ನಿಂದ ಮೇಲೆ ಬರಲು ವಾರಗಟ್ಟಲೆ ಬೇಕು. ಅದನ್ನು ಹಾಲಿನ ಜೊತೆ, ಟೀ ಜೊತೆ ಕೊಡಬೇಡಿ, ಮೈಗೆ ಹತ್ತುವುದಿಲ್ಲ. ಆರು ತಿಂಗಳು ದಾಟಿ ಊಟ ಶುರುವಾದ ಮಗುವಿಗೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಊಟದಲ್ಲಿದ್ದರೆ ಚೆನ್ನಾಗಿ ಹತ್ತುತ್ತದೆ.

ಖಾಲಿ ಹೊಟ್ಟೆಯ ಬಗ್ಗೆ ಎಲ್ಲರಿಗೂ ಗೊತ್ತು, ಆದರೆ ಅರ್ಧ ಗೊತ್ತು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಕುತ್ತು. ಹಾಗಾಗಿ ಊಟ, ಗಂಜಿ, ಬಿಸ್ಕತ್ತು, ಹಸುವಿನ ಹಾಲು, ಪುಡಿ ಹಾಲು 6 ಗಂಟೆ ಮೊದಲೇ ನಿಲ್ಲಬೇಕು. ಎಣ್ಣೆಯಲ್ಲಿ ಕರಿದದ್ದಾದರೆ 8 ಗಂಟೆ. ಎದೆಹಾಲು 4 ಗಂಟೆ. ಬರೀ ನೀರು 2 ಗಂಟೆ ಮೊದಲಿನವರೆಗೂ ಕೊಡಬಹುದು. ಯೂರೋಪಿನ ಅರಿವಳಿಕೆ ತಜ್ಞರ ಸಂಘ 2022ರಲ್ಲಿ ಮಕ್ಕಳಿಗೆ ನೀರನ್ನು 1 ಗಂಟೆ ಮೊದಲಿನವರೆಗೂ ಕೊಡಿ ಅಂದಿದೆ. ನಮ್ಮ ವಾರ್ಡುಗಳಲ್ಲಿ ಏನಾಗುತ್ತದೆ? "ರಾತ್ರಿ ಹತ್ತರ ಮೇಲೆ ಏನೂ ಕೊಡಬೇಡಿ" ಅಂತ ಎಲ್ಲರಿಗೂ ಒಂದೇ ಮಾತು. ಆಪರೇಷನ್ ಸರದಿ ಬರುವುದು ಮಧ್ಯಾಹ್ನ ಒಂದು ಗಂಟೆಗೆ. ಅಲ್ಲಿಯವರೆಗೆ ಎರಡು ವರ್ಷದ ಮಗು ಒಂದು ಗುಟುಕು ನೀರಿಲ್ಲದೆ ಅತ್ತು ಅತ್ತು ಸೋತಿರುತ್ತದೆ. ಮೈಯಲ್ಲಿ ನೀರು ಕಮ್ಮಿಯಾಗಿ ಸೂಜಿ ಹಾಕಲು ನರವೂ ಸಿಗುವುದಿಲ್ಲ. ಚಿಕ್ಕ ಕೂಸುಗಳಲ್ಲಿ ಸಕ್ಕರೆ ಅಂಶವೂ ಇಳಿಯಬಹುದು.

ಇದನ್ನು ನೋಡಿದಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಕೇಳಿದ್ದರೆ ತಪ್ಪಿಸಬಹುದಾದ ಸಂಕಟ ಇದು. ಹಿಂದಿನ ದಿನವೇ ಕೇಳಿ: "ನಮ್ಮ ಮಗು ಎಷ್ಟನೆಯದು? ಎಷ್ಟು ಗಂಟೆವರೆಗೂ ಹಾಲು, ಎಷ್ಟು ಗಂಟೆವರೆಗೂ ನೀರು ಕೊಡಬಹುದು?" ಚಿಕ್ಕ ಮಕ್ಕಳನ್ನು ಪಟ್ಟಿಯಲ್ಲಿ ಮೊದಲು ಹಾಕುವುದು ಒಳ್ಳೆಯ ಪದ್ಧತಿ, ಅದನ್ನೂ ಕೇಳಬಹುದು. ಸರದಿ ತಡವಾದರೆ ಸಿಸ್ಟರ್ ಹತ್ತಿರ ಹೋಗಿ ಮತ್ತೆ ಕೇಳಿ. ಆದರೆ ನಿಮ್ಮಷ್ಟಕ್ಕೆ ನೀವು ತೀರ್ಮಾನ ಮಾಡಬೇಡಿ. ಕೆಲವು ಕಾಯಿಲೆಗಳಲ್ಲಿ ಹೊಟ್ಟೆ ಖಾಲಿಯಾಗಲು ಜಾಸ್ತಿ ಹೊತ್ತು ಬೇಕು. ಅಜ್ಜಿ ಮರುಕಪಟ್ಟು ಒಂದು ಬಿಸ್ಕತ್ತು ತಿನ್ನಿಸಿಬಿಟ್ಟರಾ? ಓಡಿ ಹೋಗಿ ಹೇಳಿ. ಅಜ್ಜಿಯನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಹೊತ್ತು ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೇ.

ಇನ್ನು ಸಹಿ. ನಮ್ಮ ಹತ್ತಿರ ಇದ್ದ ರೆಫರಲ್ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಲೆಫ್ಟ್ ಅಂತ ಬರೆದಿತ್ತು. ಮಗನಿಗೆ ಉಬ್ಬು ಇದ್ದದ್ದು ಬಲಗಡೆ. ಒಪ್ಪಿಗೆ ಫಾರಂನಲ್ಲೂ ಅದೇ ಇಳಿದುಬಂದಿತ್ತು. ಸಹಿ ಮಾಡುವ ಮೊದಲು ಓದಿದ್ದರಿಂದ ಕಣ್ಣಿಗೆ ಬಿತ್ತು. ಸಿಸ್ಟರಿಗೆ ತೋರಿಸಿದೆ. ಅವರು ರೇಗಲಿಲ್ಲ, ಗಾಬರಿಯಿಂದ ಸರ್ಜನ್‌ಗೆ ಫೋನ್ ಮಾಡಿದರು. ಸರ್ಜನ್ ಬಂದು, ಮಗುವನ್ನು ನೋಡಿ, ಫಾರಂ ತಿದ್ದಿ, ಬಲ ತೊಡೆಸಂದಿನ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆ ಒಂದು ಪರೀಕ್ಷಾ ಪಟ್ಟಿ ಕೊಟ್ಟಿದೆ. ಮಂಪರು ಕೊಡುವ ಮೊದಲು ರೋಗಿ ಯಾರು, ಯಾವ ಜಾಗ, ಯಾವ ಆಪರೇಷನ್, ಒಪ್ಪಿಗೆ ಇದೆಯಾ, ಗುರುತು ಹಾಕಿದೆಯಾ, ಅಲರ್ಜಿ ಇದೆಯಾ ಅಂತ ಬಾಯಿಬಿಟ್ಟು ಕೇಳಬೇಕು ಅಂತ ಅದರಲ್ಲಿದೆ. ದೊಡ್ಡವರಾದರೆ ತಾವೇ ಉತ್ತರ ಹೇಳುತ್ತಾರೆ. ಮಗುವಿನ ಉತ್ತರ ಹೇಳಬೇಕಾದವರು ನೀವು. "ಗುರುತು ಹಾಕಿದ್ದೀರಾ ಸಾರ್?" ಅಂತ ಕೇಳುವುದರಲ್ಲಿ ಸಂಕೋಚ ಬೇಡ.

2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಅಂದರೆ ಏನು ಅಂತ ಬಿಡಿಸಿ ಹೇಳಿದೆ. ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಇದೆಯಾ, ಅಪಾಯ ಏನು, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ. ಒಂದು ಆಪರೇಷನ್‌ಗೆ ಕೊಟ್ಟ ಒಪ್ಪಿಗೆಯಲ್ಲಿ ಇನ್ನೊಂದನ್ನು ಸೇರಿಸಿ ಮಾಡುವ ಹಾಗಿಲ್ಲ, ಪ್ರಾಣ ಉಳಿಸುವ ತುರ್ತು ಇದ್ದರೆ ಮಾತ್ರ ಬೇರೆ ಮಾತು. ಇಂಗ್ಲಿಷ್ ಫಾರಂ ಅರ್ಥವಾಗದಿದ್ದರೆ ಕನ್ನಡದಲ್ಲಿ, ಬೇಕಾದರೆ ತೆಲುಗಿನಲ್ಲಿ, ತಮಿಳಿನಲ್ಲಿ ಹೇಳಿಸಿಕೊಂಡೇ ಸಹಿ ಹಾಕಿ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಈ ಮೂರು ಭಾಷೆ ಬಲ್ಲ ಒಬ್ಬ ಸಿಸ್ಟರ್ ಸಿಗದೇ ಇರುವುದಿಲ್ಲ. ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಡಾಕ್ಟರುಗಳು ವಿವರಿಸುವುದು ಅಪ್ಪನಿಗೆ, ಸಹಿ ಕೇಳುವುದು ಅಪ್ಪನನ್ನು. ಮಗುವಿನ ರಾತ್ರಿ ಹಗಲು ಗೊತ್ತಿರುವ ತಾಯಿ ಬಾಗಿಲ ಹತ್ತಿರ ನಿಂತಿರುತ್ತಾಳೆ. ಅಪ್ಪಂದಿರೇ, ಆಕೆಯನ್ನು ಮುಂದೆ ಕೂರಿಸಿ.

ಮಗುವಿಗೂ ಸತ್ಯ ಹೇಳಿ. "ಇಂಜೆಕ್ಷನ್ ಹಾಕಲ್ಲ, ಚಾಕೊಲೇಟ್ ಕೊಡ್ತಾರೆ" ಅಂತ ಕರೆದುಕೊಂಡು ಹೋದರೆ ಸೂಜಿ ಕಂಡ ಕ್ಷಣ ಅದು ನಿಮ್ಮನ್ನೂ ನಂಬುವುದಿಲ್ಲ. "ಒಂದು ಸಲ ಚುಚ್ಚುತ್ತೆ, ನಾನು ಕೈ ಹಿಡ್ಕೊಂಡಿರ್ತೀನಿ, ಆಮೇಲೆ ನಿದ್ದೆ ಬರುತ್ತೆ" ಅಂದರೆ ಮೂರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಸೂಜಿ ಹಾಕುವ ಜಾಗಕ್ಕೆ ಒಂದು ಗಂಟೆ ಮೊದಲು ಹಚ್ಚಿದರೆ ಮರಗಟ್ಟುವ ಮುಲಾಮು ಇದೆ. ನಿದ್ದೆ ಬರುವವರೆಗೆ ತಾಯಿಯನ್ನು ಜೊತೆಗೆ ಬಿಡುವ ಆಸ್ಪತ್ರೆಗಳೂ ಇವೆ. ಕೇಳಿ. ಆಗಲ್ಲ ಅಂದರೆ ಒಪ್ಪಿಕೊಳ್ಳಿ. ಅದರಿಂದ ಮಗುವಿಗೆ ಅಪಾಯವಿಲ್ಲ.

ಹಣದ ಬಗ್ಗೆ ಚಿಕ್ಕದಾಗಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ತಪಾಸಣೆ ಮಾಡುತ್ತದೆ, ಹುಟ್ಟಿನಿಂದ 18 ವರ್ಷದವರೆಗೆ. ಸೀಳುತುಟಿ, ಹೃದಯದ ತೊಂದರೆ, ತಿರುಚಿದ ಪಾದ ಇಂಥದ್ದನ್ನು ಅವರೇ ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು, ಅದನ್ನು ತೆಗೆದುಕೊಂಡೇ ಬೆಂಗಳೂರಿನ ಬಸ್ಸು ಹತ್ತಿ. ನರಸಾಪುರದ ಫ್ಯಾಕ್ಟರಿಗಳಲ್ಲಿ ಇರುವವರು ಕಾರ್ಮಿಕರ ವಿಮೆಯ ಇಎಸ್‌ಐ ಕಾರ್ಡಿನಲ್ಲಿ ಮಗುವಿನ ಹೆಸರು ಸೇರಿದೆಯಾ ಅಂತ ಈಗಲೇ ನೋಡಿಕೊಳ್ಳಿ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಮೇಡಂ, ಇಷ್ಟೆಲ್ಲ ಕೇಳಿದ್ರೆ ಡಾಕ್ಟ್ರು ರೇಗಲ್ವಾ?"

ಕೆಲವರು ರೇಗುತ್ತಾರೆ. ಒಂದೇ ದಿನ ನೂರು ಜನರನ್ನು ನೋಡುವವರಿಗೆ ಸುಸ್ತೂ ಇರುತ್ತದೆ. ಅದಕ್ಕೇ ಹೊತ್ತು ನೋಡಿ ಕೇಳಬೇಕು. ಮಂಪರಿನ ಡಾಕ್ಟರ್ ಆಪರೇಷನ್‌ಗೆ ಮೊದಲು ಮಗುವನ್ನು ಪರೀಕ್ಷೆ ಮಾಡುತ್ತಾರಲ್ಲ, ಅದೇ ಸರಿಯಾದ ಹೊತ್ತು. ಓಟಿ ಬಾಗಿಲಲ್ಲಿ ನಿಲ್ಲಿಸಿ ಕೇಳಿದರೆ ಅವರಿಗೂ ಕಷ್ಟ. ಐದು ಜನ ಸುತ್ತುವರಿದು ಕೇಳಬೇಡಿ, ಒಬ್ಬರೇ ಮಾತಾಡಿ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಷ್ಟಾದರೂ ರೇಗಿದರೆ, "ಸಾರ್, ನಿಮ್ಮ ಮೇಲೆ ನಂಬಿಕೆ ಇದೆ, ಮಗುವಿನ ವಿಷಯ ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ" ಅನ್ನಿ. ಬೈಗುಳ ಒಂದು ನಿಮಿಷದ್ದು. ನುಂಗಿಕೊಂಡು ಮತ್ತೆ ಹೇಳಿ.

ಬೇತಮಂಗಲ ಕಡೆಯಿಂದ ಬಂದಿದ್ದ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಕೇಳಿದ್ದು ಇನ್ನೂ ಮುಖ್ಯವಾದದ್ದು: "ನಮ್ಮ ತಾಯಂದಿರಿಗೆ ಓದೋಕೆ ಬರಲ್ಲ, ಮನೇಲಿ ತೆಲುಗು. ಅವರು ಹೆಂಗೆ ಹೇಳ್ತಾರೆ?"

ಅಲ್ಲಿ ನೀವೇ ಬರೆಯಬೇಕು ಅಕ್ಕಾ. ಅರ್ಧ ಹಾಳೆ ಸಾಕು. ಈ ತಿಂಗಳ ತೂಕ. ಕಳೆದ ಒಂದು ತಿಂಗಳಲ್ಲಿ ಜ್ವರ, ಕೆಮ್ಮು, ಎದೆ ಕಟ್ಟಿದ್ದು ಯಾವಾಗ. ಯಾವ ಲಸಿಕೆ ಯಾವ ದಿನ ಹಾಕಿದ್ದು. ಯಾವುದಾದರೂ ಔಷಧಿಗೆ ಮೈಯೆಲ್ಲ ಗಂಧೆ ಎದ್ದಿತ್ತಾ. ಹಿಂದೆ ಆಪರೇಷನ್ ಆಗಿತ್ತಾ. ಮನೆಯವರಲ್ಲಿ ಯಾರಿಗಾದರೂ ಮಂಪರಿನಿಂದ ತೊಂದರೆ ಆಗಿತ್ತಾ, ರಕ್ತ ನಿಲ್ಲದೆ ಹೋಗಿತ್ತಾ. ತೆಲುಗಿನಲ್ಲಿ ಕೇಳಿ, ಕನ್ನಡದಲ್ಲಿ ಬರೆಯಿರಿ. ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ, ಡಾಕ್ಟರಿಗೆ ಏನಾದರೂ ಕೇಳಬೇಕು ಅನ್ನಿಸಿದರೆ ನಿಮಗೇ ಫೋನ್ ಮಾಡಲಿ. ಆ ತಾಯಿಗೆ ಚೀಟಿಯನ್ನು ಒಂದು ಸಲ ಓದಿ ಹೇಳಿ, ಸರಿ ಇದೆಯಾ ಅಂತ ಕೇಳಿಕೊಳ್ಳಿ. ಮೊದಲ ಸಲ ಆಸ್ಪತ್ರೆಗೆ ಹೋಗುವವರಾದರೆ ಆಶಾ ಅಕ್ಕ ಜೊತೆಗೆ ಹೋಗಲಿ.

ಇಲ್ಲಿ ಇವತ್ತು ಆಪರೇಷನ್ ದಿನಾಂಕ ಸಿಕ್ಕಿರುವ ಮಕ್ಕಳ ತಾಯಂದಿರು ಇದ್ದೀರಿ ಅಂತ ಕೇಳಿದೆ. ಊಟ ಆದ ಮೇಲೆ ಹೋಗಿಬಿಡಬೇಡಿ, ಆ ಕಿಟಕಿ ಪಕ್ಕದ ಮೇಜಿನ ಹತ್ತಿರ ಬನ್ನಿ. ಪೆನ್ನು, ಹಾಳೆ ತಂದಿದ್ದೇನೆ. ಒಬ್ಬೊಬ್ಬರದೇ ಚೀಟಿ ಬರೆಯೋಣ. ತಾಯಿ ಕಾರ್ಡ್ ಯಾರ ಹತ್ತಿರ ಇದೆ?